ಭಾನುವಾರದ ಪ್ರಶ್ನೋತ್ತರ: ಏಜೆನ್ಸಿ ಮೂಲಕ ಇಂಟರ್‌ವ್ಯೂ ಬಂದಿದೆ, ಏನು ಮಾಡಲಿ?

ಅಡ್ಮಿನ್: ಮೈಸೂರು-ಮಂಡ್ಯ ಕೆಲಸದ ಗುಂಪಿನ ಎಲ್ಲರಿಗೂ ನಮಸ್ಕಾರ. ಏಜೆನ್ಸಿ ಮೂಲಕ ಇಂಟರ್‌ವ್ಯೂಗೆ ಹೋಗುವವರ ಪ್ರಶ್ನೆಗಳಿಗೆ ಇವತ್ತು ಹೆಚ್‌ಆರ್ ಅಕ್ಕ ಉತ್ತರ ಕೊಡುತ್ತಾರೆ. ಹೆಬ್ಬಾಳ, ಕೂರ್ಗಳ್ಳಿ ಕಡೆಯ ಫ್ಯಾಕ್ಟರಿಗಳಿಗೆ ಜನ ಹುಡುಕಿ ಕೊಡುವುದೇ ಅವರ ಕೆಲಸ. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ಮಾರ್ನಿಂಗ್ ಫೋಟೋ ಬೇಡ.

ಮೇಟಗಳ್ಳಿ ಹುಡುಗ: ಮೇಡಂ, ಏಜೆನ್ಸಿಯವರು ರಿಜಿಸ್ಟ್ರೇಷನ್‌ಗೆ 1,500 ಕೇಳುತ್ತಿದ್ದಾರೆ. ಕೊಡಬಹುದಾ?

ಹೆಚ್‌ಆರ್ ಅಕ್ಕ: ಕೊಡಬೇಡಿ. ಜನ ಬೇಕಾಗಿರುವುದು ಕಂಪನಿಗೆ, ಏಜೆನ್ಸಿಗೆ ದುಡ್ಡು ಕೊಡುವುದೂ ಕಂಪನಿಯೇ. ಯೂನಿಫಾರ್ಮ್, ಟ್ರೈನಿಂಗ್, ಗೇಟ್ ಪಾಸ್, ಯಾವ ಹೆಸರಲ್ಲಿ ಕೇಳಿದರೂ ಇದೇ ಉತ್ತರ. ಇನ್ನೊಂದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ, ಜೆರಾಕ್ಸ್ ಕೊಡಿ. ಒರಿಜಿನಲ್ ನಿಮ್ಮ ಬ್ಯಾಗಿನಲ್ಲೇ ವಾಪಸ್ ಬರಬೇಕು.

ಕೆಆರ್‌ಎಸ್ ರೋಡ್: ಆಫರ್ ಲೆಟರ್‌ನಲ್ಲಿ ಕಂಪನಿ ಹೆಸರೇ ಇಲ್ಲ, ಏಜೆನ್ಸಿ ಹೆಸರಿದೆ. ಮೋಸ ಅಲ್ವಾ?

ಹೆಚ್‌ಆರ್ ಅಕ್ಕ: ಅದೊಂದರಿಂದ ಮೋಸ ಅನ್ನಲಾಗದು. ನೀವು ಏಜೆನ್ಸಿಯ ಪೇರೋಲ್‌ನಲ್ಲಿ, ಅಂದರೆ ಸಂಬಳದ ಪಟ್ಟಿಯಲ್ಲಿ ಇರುತ್ತೀರಿ, ಕೆಲಸ ಕಂಪನಿಯ ಗೇಟಿನೊಳಗೆ. ಸಂಬಳ, ಪಿಎಫ್, ಇಎಸ್‌ಐ (ಆಸ್ಪತ್ರೆ ವಿಮೆ) ಎಲ್ಲ ಏಜೆನ್ಸಿಯ ಜವಾಬ್ದಾರಿ. ಇಂಟರ್‌ವ್ಯೂನಲ್ಲೇ ಕೇಳಿ: ಯಾರ ಪೇರೋಲ್, ಎಷ್ಟು ತಿಂಗಳಿಗೆ, ಕೈಗೆ ಎಷ್ಟು. ಗ್ರಾಸ್, ಅಂದರೆ ಏನೂ ಹಿಡಿಯುವ ಮೊದಲಿನ ಸಂಬಳ 16,000, ಅದರಲ್ಲಿ ಪಿಎಫ್ ಲೆಕ್ಕಕ್ಕೆ ಬರುವ ಬೇಸಿಕ್ 12,000 ಅಂದುಕೊಳ್ಳಿ. ಬೇಸಿಕ್ ಮೇಲೆ ಶೇ 12ರಂತೆ ಪಿಎಫ್ 1,440, ಗ್ರಾಸ್ ಮೇಲೆ ಶೇ 0.75ರಂತೆ ಇಎಸ್‌ಐ 120. ಕೈಗೆ 14,440. ಬಸ್ಸು, ಕ್ಯಾಂಟೀನ್ ಅಂತ ಇನ್ನೂ ಹಿಡಿಯುತ್ತಾರಾ ಎಂದೂ ಕೇಳಿ.

ಶ್ರೀರಂಗಪಟ್ಟಣ ಎಕ್ಸ್‌ಪ್ರೆಸ್: ಯೂನಿಫಾರ್ಮ್‌ಗೆ 800 ಕೇಳಿದ್ದಾರೆ ಮೇಡಂ, ಆಮೇಲೆ ವಾಪಸ್ ಕೊಡುತ್ತಾರಂತೆ.

ಹೆಚ್‌ಆರ್ ಅಕ್ಕ: ಮೇಲೆ ಓದಿ.

ಪಾಂಡವಪುರ ಬಿಕಾಂ: ನಮಸ್ತೆ ಅಕ್ಕ. ಮಂಗಳವಾರ ಕೂರ್ಗಳ್ಳಿಯಲ್ಲಿ ಇಂಟರ್‌ವ್ಯೂ, ಫುಡ್ ಫ್ಯಾಕ್ಟರಿ, ಸ್ಟೋರ್ ಅಸಿಸ್ಟೆಂಟ್. ಡಿಗ್ರಿ ಮುಗಿದು ಎರಡು ವರ್ಷ ಆಯಿತು. ಎಲ್ಲೂ ಕೆಲಸ ಮಾಡಿಲ್ಲ. ನಮ್ಮದೇ ಆಲೆಮನೆ ಇದೆ, ಅಪ್ಪನ ಜೊತೆ ಲೆಕ್ಕ ನೋಡಿಕೊಂಡು ಇದ್ದೆ ಅಷ್ಟೆ. ಗ್ಯಾಪ್ ಇದ್ದರೆ ತೆಗೆದುಕೊಳ್ಳಲ್ಲ, 3,000 ಕೊಟ್ಟರೆ ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಸಿಕೊಡುತ್ತೇನೆ ಅಂತ ಏಜೆಂಟ್ ಹೇಳುತ್ತಿದ್ದಾನೆ. ಎಲ್ಲರೂ ಮಾಡಿಸುತ್ತಾರಂತೆ. ಏನು ಮಾಡಲಿ?

ಹೆಚ್‌ಆರ್ ಅಕ್ಕ: ಬೇಡ ತಾಯಿ. ಆ ಕಾಗದ ಮುಟ್ಟಲೂ ಬೇಡಿ. ಕೆಲಸಕ್ಕೆ ಸೇರುವಾಗ ಪಿಎಫ್‌ನ ಯುಎಎನ್ ನಂಬರ್ ಕೇಳುತ್ತಾರೆ, 12 ಅಂಕಿಯದ್ದು. ನೀವು ಎಲ್ಲಿಂದ ಎಲ್ಲಿವರೆಗೆ ಕೆಲಸ ಮಾಡಿದಿರಿ ಎನ್ನುವುದು ಪಿಎಫ್ ದಾಖಲೆಯಲ್ಲಿ ಇರುತ್ತದೆ. ಎರಡು ವರ್ಷ ಕೆಲಸ ಮಾಡಿದ್ದೀರಿ, ಒಂದು ತಿಂಗಳದ್ದೂ ಪಿಎಫ್ ಇಲ್ಲ, ಬ್ಯಾಂಕಿಗೆ ಸಂಬಳ ಬಂದಿಲ್ಲ ಅಂದರೆ ಯಾರಿಗೂ ಅನುಮಾನ ಬರುತ್ತದೆ. ಇಂಥದ್ದೇ ಲೆಟರ್ ತಂದ ಹುಡುಗನೊಬ್ಬನನ್ನು ಸೇರಿದ ಹನ್ನೊಂದನೇ ದಿನ ನಾನೇ ವಾಪಸ್ ಕಳಿಸಬೇಕಾಯಿತು. ಅವನು ಕೆಲಸ ಚೆನ್ನಾಗಿ ಮಾಡುತ್ತಿದ್ದ. ಐಡಿ ಕಾರ್ಡ್ ಬಿಚ್ಚಿ ಮೇಜಿನ ಮೇಲೆ ಇಟ್ಟು, ಊಟದ ಕೂಪನ್ನೂ ಕೊಡಬೇಕಾ ಮೇಡಂ ಅಂತ ಕೇಳಿದ. ಏಜೆಂಟ್ ಫೋನ್ ಎತ್ತಲಿಲ್ಲ.

ಈಗ ನಿಮ್ಮ 'ಅಷ್ಟೆ'ಗೆ ಬರುತ್ತೇನೆ. ಕಬ್ಬು ಎಷ್ಟು ಟನ್ ಬಂತು, ಎಷ್ಟು ಕೊಪ್ಪರಿಗೆ ಇಳಿಯಿತು, ಅಚ್ಚು ಎಷ್ಟು, ಬಕೆಟ್ ಬೆಲ್ಲ ಎಷ್ಟು, ಮಂಡಿಗೆ ಹೋಗಿದ್ದೆಷ್ಟು. ಇದು ಸ್ಟೋರ್ ಕೆಲಸ ಅಲ್ಲದೆ ಇನ್ನೇನು? ಅಲ್ಲಿ ಇನ್‌ವರ್ಡ್, ಔಟ್‌ವರ್ಡ್, ಸ್ಟಾಕ್ ಅನ್ನುತ್ತಾರೆ, ಹೆಸರು ಬೇರೆ ಅಷ್ಟೆ. ಟನ್ ಕಬ್ಬಿಗೆ ಸುಮಾರು 100 ಕೆಜಿ ಬೆಲ್ಲ ಬರಬೇಕು. 85 ಬಂದ ದಿನ ಅಪ್ಪ ನಿಮ್ಮನ್ನು ಕೇಳಿಲ್ವಾ? ಕಬ್ಬು ಎಳೆಯದಿತ್ತಾ, ಗಾಣ ಸರಿಯಾಗಿ ಹಿಂಡಲಿಲ್ವಾ, ತೂಕದ ಚೀಟಿ ತಪ್ಪಾ ಅಂತ ಹುಡುಕಿರುತ್ತೀರಿ. ಆ ಒಂದು ದಿನದ ಕಥೆ ಹೇಳಿ. ಫಿಫೋ ಅಂದರೆ ಏನು ಅಂತ ಕೇಳಿಯೇ ಕೇಳುತ್ತಾರೆ. ಮೊದಲು ಬಂದ ಮಾಲು ಮೊದಲು ಹೊರಗೆ ಹೋಗಬೇಕು. ಮಳೆಗಾಲದಲ್ಲಿ ನೀರು ಬಿಡುತ್ತದೆ ಅಂತ ಹಳೆ ಬೆಲ್ಲ ಮೊದಲು ಸಾಗಿಸುತ್ತೀರಲ್ಲ, ಅದೇ. ರೆಸ್ಯೂಮೆಯಲ್ಲಿ ಎರಡು ವರ್ಷ 'ಸ್ವಂತ ಆಲೆಮನೆ, ಲೆಕ್ಕ ಮತ್ತು ದಾಸ್ತಾನು' ಅಂತ ಬರೆಯಿರಿ. ಲೆಕ್ಕದ ಪುಸ್ತಕ ಇದೆಯಾ?

ಪಾಂಡವಪುರ ಬಿಕಾಂ: ಇದೆ ಅಕ್ಕ. ನಾನೇ ಬರೆದಿದ್ದು.

ಹೆಚ್‌ಆರ್ ಅಕ್ಕ: ಎರಡು ಹಾಳೆ ಫೋಟೋ ತೆಗೆದಿಟ್ಟುಕೊಳ್ಳಿ. ಎಕ್ಸೆಲ್‌ನಲ್ಲಿ ಕೂಡುವುದು, ಕಳೆಯುವುದು, ಫಿಲ್ಟರ್ ಹಾಕುವುದು ಇವತ್ತೇ ಕಲಿಯಿರಿ. ಕೂರಿಸಿ ಮಾಡಿಸುತ್ತಾರೆ.

ಶುಭೋದಯ ಅಂಕಲ್: ಫಾರ್ವರ್ಡ್ ಆಗಿ ಬಂದಿದ್ದು, ಎಲ್ಲರೂ ಓದಿ. ಇಂಟರ್‌ವ್ಯೂ ಗೆಲ್ಲುವ 21 ಗುಟ್ಟು. 1) ಬಲಗಾಲಿಟ್ಟು ಒಳಗೆ ಹೋಗಿ. 2) ನಿಮ್ಮ ದೌರ್ಬಲ್ಯ ಏನು ಅಂದರೆ 'ನಾನು ಅತಿಯಾಗಿ ದುಡಿಯುತ್ತೇನೆ' ಎನ್ನಿ. 3) ಸಂಬಳದ ಮಾತೇ ಎತ್ತಬೇಡಿ...

ಹೆಚ್‌ಆರ್ ಅಕ್ಕ: ಅಂಕಲ್, ಬಲಗಾಲು ಇಡಲಿ, ನನ್ನ ತಕರಾರಿಲ್ಲ. ಎರಡನೆಯದನ್ನು ವಾರಕ್ಕೆ ನಲವತ್ತು ಸಲ ಕೇಳುತ್ತೇನೆ, ಎಲ್ಲರೂ ಒಂದೇ ಕಡೆ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಮೂರನೆಯದನ್ನು ದಯವಿಟ್ಟು ಅಳಿಸಿ. ಸಂಬಳ ಕೇಳದೆ ಸೇರಿದವರೇ ಮೊದಲ ತಿಂಗಳು ನನಗೆ ಫೋನ್ ಮಾಡಿ ಅಳುವುದು.

ಶುಭೋದಯ ಅಂಕಲ್: ಒಳ್ಳೆಯದಕ್ಕೇ ಹಾಕಿದ್ದು. 40 ಜನ ಲೈಕ್ ಮಾಡಿದ್ದಾರೆ.

ಹೂಟಗಳ್ಳಿ ಶಿಫ್ಟ್: ಏನೇ ಹೇಳಿ, ಏಜೆನ್ಸಿ ಕೆಲಸ ಅಂದರೆ ಜೀತ. ಐದು ವರ್ಷ ದುಡಿದೆ. ಪಕ್ಕದ ಮಷಿನ್‌ನವನಿಗೆ ನನ್ನ ಎರಡರಷ್ಟು ಸಂಬಳ, ಕೆಲಸ ಒಂದೇ.

ಕೆಆರ್‌ಎಸ್ ರೋಡ್: ಜೀತ ಅಂದರೆ ಏನು ಗೊತ್ತಾ ನಿಮಗೆ? ಮನೆಯಲ್ಲಿ ಸುಮ್ನೆ ಕೂರುವುದಕ್ಕಿಂತ ಮೇಲು.

ಹೂಟಗಳ್ಳಿ ಶಿಫ್ಟ್: ನೈಟ್ ಶಿಫ್ಟ್ ಮಾಡಿ ನೋಡಿ, ಆಮೇಲೆ ಮಾತಾಡಿ. ಈ ಮೇಡಂ ಕೂಡ ಏಜೆನ್ಸಿಯವರೇ ತಾನೆ? ತಲೆಗಿಷ್ಟು ಅಂತ ಕಮಿಷನ್ ಬರುತ್ತೆ. ಅದನ್ನೂ ಹೇಳಲಿ.

ಹೆಚ್‌ಆರ್ ಅಕ್ಕ: ಬರುತ್ತದೆ. ಕಂಪನಿ ಕೊಡುತ್ತದೆ, ನಿಮ್ಮ ಜೇಬಿನಿಂದಲ್ಲ. ಸಂಬಳದ ತಾರತಮ್ಯ ನೀವು ಹೇಳಿದ್ದು ನಿಜ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಇಲ್ಲಿ ಕೂತು ಉತ್ತರ ಬರೆಯುವುದಕ್ಕೆ ಯಾರೂ ಕಮಿಷನ್ ಕೊಡಲ್ಲ ಸ್ವಾಮಿ.

ಮೈಸೂರ್‌ಪಾಕ್ 87: ಇಂಗ್ಲಿಷ್ ಬರದಿದ್ದರೆ ಏನು ಮಾಡುವುದು ಮೇಡಂ?

ಮದ್ದೂರು ವಡೆ: ಕರ್ನಾಟಕದಲ್ಲಿ ಕನ್ನಡದಲ್ಲೇ ಕೇಳಬೇಕು ಇಂಟರ್‌ವ್ಯೂ. ಬಿಡಬೇಡಿ.

ಕೆಆರ್‌ಎಸ್ ರೋಡ್: ಹೋರಾಟ ಮಾಡೋಕೆ ಹೋಗುತ್ತಿದ್ದಾರಾ, ಕೆಲಸಕ್ಕಾ?

ಮದ್ದೂರು ವಡೆ: ನಿಮ್ಮಂಥವರಿಂದಲೇ ಈ ಗತಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ಮ್ಯೂಟ್.

ಮಂಡ್ಯ ಐಟಿಐ: ಮೇಡಂ ಎಲೆಕ್ಟ್ರಿಷಿಯನ್ ಟ್ರೇಡ್, ಅಪ್ರೆಂಟಿಸ್ ಮುಗಿದಿದೆ. ನಂಜನಗೂಡು ಕಡೆ ಏನಾದರೂ ಇದೆಯಾ?

ಕಡಕೊಳ ಲೈನ್: ರಿಜಿಸ್ಟ್ರೇಷನ್ ಫೀಸ್ ಬರೀ 500 ಮೇಡಂ, ಫೋನ್‌ಪೇ ಮಾಡಿಬಿಟ್ಟೆ. ಈಗ ನಂಬರ್ ಸ್ವಿಚ್ ಆಫ್.

ಹೆಚ್‌ಆರ್ ಅಕ್ಕ: ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಪೇಮೆಂಟ್ ಆದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಾನು ಹತ್ತು ಗಂಟೆಯಿಂದ ಬರೆಯುತ್ತಿದ್ದದ್ದನ್ನು ಯಾರಾದರೂ ಓದುತ್ತಿದ್ದೀರಾ?

ಪಾಂಡವಪುರ ಬಿಕಾಂ: ಅಕ್ಕ, ಲೆಟರ್ ಬೇಡ ಅಂತ ಏಜೆಂಟ್‌ಗೆ ಹೇಳಿದೆ. ಬ್ಲಾಕ್ ಮಾಡಿದ. ಮಂಗಳವಾರದ್ದು ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

ಹೆಚ್‌ಆರ್ ಅಕ್ಕ: ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರಿಗೆ ನಾಳೆ ಹತ್ತರ ಮೇಲೆ ಫೋನ್ ಮಾಡಿ, ಹೆಚ್‌ಆರ್‌ಗೆ ಕೊಡಿ ಅನ್ನಿ. ಅದಕ್ಕೂ ಮೊದಲು ಶಿಫ್ಟ್ ಗಲಾಟೆ, ಯಾರೂ ಸಿಗಲ್ಲ. ಸ್ಟೋರ್ ಅಸಿಸ್ಟೆಂಟ್ ಇಂಟರ್‌ವ್ಯೂ ಮಂಗಳವಾರ ಇದೆಯಾ ಅಂತ ಕೇಳಿ. ಇದೆ ಅಂದರೆ ನೇರ ಬರಬಹುದಾ ಎನ್ನಿ. ಇಲ್ಲವೇ ಇಲ್ಲ ಅಂದರೆ ಆ 3,000 ಉಳಿಯಿತು. ರೆಸ್ಯೂಮೆ ನನಗೆ ಕಳಿಸಿ, ಆಲೆಮನೆ ಸಾಲು ಇರಲಿ.

ಪಾಂಡವಪುರ ಬಿಕಾಂ: ಸರಿ ಅಕ್ಕ. ಪುಸ್ತಕ ತೆಗೆದೆ. ಮೊದಲ ಎರಡು ಹಾಳೆ ಪಾಕಕ್ಕೆ ಅಂಟಿಕೊಂಡಿವೆ.

ಹೆಚ್‌ಆರ್ ಅಕ್ಕ: ಎಳೆಯಬೇಡಿ. ಮೂರನೇ ಹಾಳೆಯಿಂದ ಫೋಟೋ ತೆಗೆಯಿರಿ.

ಮಂಡ್ಯ ಐಟಿಐ: ಮೇಡಂ ನನ್ನ ಪ್ರಶ್ನೆ?