ಕ್ಯಾಮೆರಾ ಇರುವ ನರ್ಫ್ ಗನ್: ಮಗನಿಗೆ ಕೊಡಲಾ, ಬೇಡವಾ?

ಮೂರನೇ ಮಹಡಿ
ಎಲ್ಲರಿಗೂ ನಮಸ್ಕಾರ. ಅಮೆರಿಕದಿಂದ ಬಂದ ಭಾವ ನನ್ನ ಮಗನಿಗೆ ಅಂತ ಒಂದು ನರ್ಫ್ ಗನ್ (ಸ್ಪಂಜಿನ ಡಾರ್ಟ್, ಅಂದರೆ ಪುಟ್ಟ ಬಾಣ ಹಾರಿಸುವ ಆಟಿಕೆ ಬಂದೂಕು) ತಂದಿದ್ದಾರೆ. ಅವರ ಮಗ ದೊಡ್ಡವನಾದ ಮೇಲೆ ಮನೆಯಲ್ಲಿ ಸುಮ್ನೆ ಬಿದ್ದಿತ್ತಂತೆ. ಹೆಸರು ನರ್ಫ್ ಕ್ಯಾಮ್ ಇಸಿಎಸ್-12, 2014ರ ಮಾಡೆಲ್. ಮೋಟಾರ್ ಇದೆ, 12 ಸ್ಪಂಜಿನ ಡಾರ್ಟ್ ಹಿಡಿಯುವ ಕ್ಲಿಪ್ ಇದೆ. ಜೊತೆಗೆ ಗನ್ನಿನಲ್ಲೇ ಒಂದು ವಿಡಿಯೊ ಕ್ಯಾಮೆರಾ, ಹಿಂದೆ ಅಂಚೆಚೀಟಿಯಷ್ಟು ಪರದೆ. ತೆಗೆದದ್ದೆಲ್ಲ ಎಸ್‌ಡಿ ಕಾರ್ಡಿಗೆ ಹೋಗುತ್ತದೆ.

ಭಾನುವಾರ ಮಗನ ಹುಟ್ಟುಹಬ್ಬ, ಒಂಬತ್ತು ತುಂಬುತ್ತದೆ. ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಬರುತ್ತಾರೆ. ನನ್ನ ಹೆಂಡತಿ ‘ಗನ್ ಬೇಕಾದರೆ ಇರಲಿ, ಕ್ಯಾಮೆರಾ ಬೇಡ’ ಅನ್ನುತ್ತಾಳೆ. ಅವನಿಗೆ ಮಾತ್ರ ಭಾರಿ ಆಸೆ. (ಸರಿ, ನನಗೂ.) ಏನು ಮಾಡಲಿ?

ಸ್ಕ್ರೂಡ್ರೈವರ್
ಕೊಡಿ ಸರ್, ಇದರಲ್ಲಿ ಯೋಚನೆ ಮಾಡುವುದು ಏನಿದೆ? ಒಳಗೆ ಎರಡು ಚಕ್ರ ಗಿರ್ರನೆ ತಿರುಗುತ್ತಿರುತ್ತವೆ. ಟ್ರಿಗರ್ ಎಳೆದರೆ ಡಾರ್ಟ್ ಅವುಗಳ ಮಧ್ಯೆ ಸಿಕ್ಕಿ ಮುಂದಕ್ಕೆ ಹಾರುತ್ತದೆ. ಕಬ್ಬಿನ ಹಾಲಿನ ಯಂತ್ರಕ್ಕೆ ಜಲ್ಲೆ ಕೊಟ್ಟ ಹಾಗೆ, ಅಷ್ಟೇ. ಚಕ್ರದ ಸದ್ದು ವಿಡಿಯೊದಲ್ಲೂ ಬರುತ್ತದೆ, ಅದನ್ನು ತಡೆದುಕೊಳ್ಳಬೇಕು.

ಕ್ಯಾಮೆರಾ ಅಂದ ತಕ್ಷಣ ಹೆದರಬೇಡಿ. ಇದಕ್ಕೆ ಇಂಟರ್ನೆಟ್ ಇಲ್ಲ, ಕಾರ್ಡ್ ಮಾತ್ರ. ಹೆದರಬೇಕಾದ್ದು ನೆಟ್‌ಗೆ ಅಂಟಿಕೊಂಡ ಆಟಿಕೆಗಳಿಗೆ. ಜರ್ಮನಿಯಲ್ಲಿ 2017ರಲ್ಲಿ ‘ಮೈ ಫ್ರೆಂಡ್ ಕೇಲಾ’ ಅನ್ನುವ ಮಾತಾಡುವ ಗೊಂಬೆಯನ್ನು, ಅದು ಗುಟ್ಟಾಗಿ ಕದ್ದು ಕೇಳುವ ಸಾಧನ ಅಂತ ನಿಷೇಧಿಸಿದರು. 2015ರಲ್ಲಿ ಮಕ್ಕಳ ಆಟಿಕೆ ಮಾಡುವ ವಿಟೆಕ್ ಕಂಪನಿಯ ಸರ್ವರ್‌ಗೆ ಕನ್ನ ಬಿದ್ದಾಗ ಲಕ್ಷಗಟ್ಟಲೆ ಮಕ್ಕಳ ಮಾಹಿತಿ ಹೊರಗೆ ಹೋಯಿತು. ಅವುಗಳ ಮುಂದೆ ನಿಮ್ಮ ಭಾವ ತಂದದ್ದು ಬಡಪಾಯಿ.

ನಿವೃತ್ತ ಮೇಷ್ಟ್ರು
ಕ್ಯಾಮೆರಾ ಆಮೇಲಿನ ಮಾತು. ಮಗುವಿನ ಕೈಗೆ ಬಂದೂಕು ಯಾಕೆ ಅನ್ನುವುದು ನನ್ನ ಪ್ರಶ್ನೆ. ಚೆಂಡು ಕೊಡಿ.

ಸ್ಕ್ರೂಡ್ರೈವರ್
ಮೇಷ್ಟ್ರೇ, ನರ್ಫ್ ಶುರುವಾಗಿದ್ದೇ ಚೆಂಡಿನಿಂದ! 1969ರಲ್ಲಿ ಬಂದದ್ದು ಸ್ಪಂಜಿನ ಚೆಂಡು. ಮನೆಯೊಳಗೆ ಎಸೆದರೂ ದೀಪ ಒಡೆಯಲ್ಲ ಅನ್ನುವುದೇ ಅದರ ಹೆಗ್ಗಳಿಕೆ. ಚೆಂಡು ಹಾರಿಸುವ ಬ್ಲಾಸ್ಟರ್ ಬಂದದ್ದು ಇಪ್ಪತ್ತು ವರ್ಷ ಆದ ಮೇಲೆ. ಡಾರ್ಟ್ ಇನ್ನೂ ತಡ, 1992ರಲ್ಲಿ.

ನಿವೃತ್ತ ಮೇಷ್ಟ್ರು
ಹಾಗಾದರೆ ಇಪ್ಪತ್ತು ವರ್ಷ ಬುದ್ಧಿ ಸರಿಯಾಗಿಯೇ ಇತ್ತು.

ದಪ್ಪ ಕನ್ನಡಕ
ಮೇಷ್ಟ್ರಿಗೆ ನಮಸ್ಕಾರ 😄

ನಾನು ಹೇಳಬೇಕಾದ್ದು ಕಣ್ಣಿನ ವಿಷಯ. ಡಾರ್ಟ್ ತೂಕ ಸುಮಾರು ಒಂದು ಗ್ರಾಂ. ಈ ಜಾತಿಯ ಗನ್ನಿನಿಂದ ಸೆಕೆಂಡಿಗೆ ಹತ್ತಿರ ಹತ್ತಿರ 20 ಮೀಟರ್ ವೇಗದಲ್ಲಿ ಬರುತ್ತದೆ. ಮೈಗೆ ಬಿದ್ದರೆ ಏನೂ ಆಗಲ್ಲ. ಕಣ್ಣಿಗೆ ಬಿದ್ದರೆ ಕತೆ ಬೇರೆ. 2017ರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ವೈದ್ಯರು ಇಂಥ ಮೂರು ಪ್ರಕರಣಗಳನ್ನು ವರದಿ ಮಾಡಿದ್ದರು. ಮೂವರಿಗೂ ಕಣ್ಣಿನ ಮುಂಭಾಗದಲ್ಲಿ ರಕ್ತ ಸೇರಿಕೊಂಡಿತ್ತು. ಅವರಲ್ಲಿ ಇಬ್ಬರು ದೊಡ್ಡವರು, ಒಬ್ಬ 11 ವರ್ಷದ ಹುಡುಗ.

ಕ್ಯಾಮೆರಾ ಇದ್ದರೆ ಅಪಾಯ ಜಾಸ್ತಿ ಅನ್ನುತ್ತೇನೆ ನಾನು. ಯೋಚನೆ ಮಾಡಿ. ಕ್ಯಾಮೆರಾ ಮತ್ತು ನಳಿಗೆ ಎರಡೂ ಒಂದೇ ಕಡೆ ನೋಡುತ್ತಿರುತ್ತವೆ. ಮಕ್ಕಳು ವಿಡಿಯೊ ತೆಗೆಯುವಾಗ ಯಾವುದಕ್ಕೆ ಹಿಡಿಯುತ್ತಾರೆ? ಮುಖಕ್ಕೆ. ಹತ್ತಿರ ಹೋಗಿ ಬೇರೆ. ಬೆನ್ನು, ಕಾಲು ತೆಗೆದರೆ ವಿಡಿಯೊ ಚೆನ್ನಾಗಿರಲ್ಲ ಅಲ್ವಾ?

ಸ್ಕ್ರೂಡ್ರೈವರ್
ಹ್ಮ್. ಇದು ನನಗೆ ಹೊಳೆದಿರಲಿಲ್ಲ.

ನ್ಯೂಜೆರ್ಸಿ ಅಪ್ಪ
ದಪ್ಪ ಕನ್ನಡಕದವರು ಹೇಳಿದ್ದು ನಿಜ. ನಮ್ಮ ಮನೆಯಲ್ಲಿ ಕ್ಯಾಮೆರಾ ಇಲ್ಲದ ನರ್ಫ್ ಮೂರು ಇವೆ. ಸೋಫಾ ಕೆಳಗೆ ನೂರು ಡಾರ್ಟ್ ಇವೆ. ಆಡುವಾಗ ಕನ್ನಡಕ ಕಡ್ಡಾಯ, ಅಪ್ಪನಿಗೂ ಸೇರಿ. ಹಾಕದವರು ಆಟಕ್ಕಿಲ್ಲ.

ಅಂಗಡಿಯಲ್ಲಿ ಈ ಕ್ಯಾಮೆರಾ ಗನ್ ಬಂದಾಗ 80 ಡಾಲರ್ ಇತ್ತು. ಆಗಲೇ ಜಾಸ್ತಿ ಅನ್ನಿಸಿ ಬಿಟ್ಟೆ. ವಿಡಿಯೊ ಬೇಕಾದರೆ ಟೋಪಿಗೆ ಸಣ್ಣ ಆ್ಯಕ್ಷನ್ ಕ್ಯಾಮೆರಾ ಸಿಕ್ಕಿಸಿ. ಮಗು ತಲೆ ತಿರುಗಿಸಿದ ಕಡೆ ವಿಡಿಯೊ ಬರುತ್ತದೆ, ಗನ್ ಎಲ್ಲಿಗಾದರೂ ಇರಲಿ.

ಇನ್ನೊಂದು ಮಾತು, ಇದು ಇಲ್ಲಿ ಅಮೆರಿಕದಲ್ಲಿ ಇರುವವರಿಗೆ. ಗನ್ನಿಗೆ ಕಪ್ಪು ಬಣ್ಣ ಹೊಡೆಯಲು ಬಿಡಬೇಡಿ. ಯೂಟ್ಯೂಬ್ ನೋಡಿ ನನ್ನ ಮಗ ಕೇಳಿದ್ದ. 2014ರ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಪೊಲೀಸರ ಗುಂಡಿಗೆ ಸತ್ತ ಹುಡುಗನಿಗೆ 12 ವರ್ಷ. ಅವನ ಹತ್ತಿರ ಇದ್ದದ್ದು ಆಟಿಕೆ. ಆಟಿಕೆ ಅಂತ ಗೊತ್ತಾಗಲಿ ಅಂತ ತುದಿಗೆ ಇರುವ ಕಿತ್ತಳೆ ಬಣ್ಣದ ಗುರುತು ಹೋಗಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಗನ್ ಹಿತ್ತಿಲು ದಾಟಲ್ಲ.

ಸೈಟ್ ಲಾಯರ್
ಮೂರನೇ ಮಹಡಿಯವರೇ, ಹುಷಾರು. 2023ರ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ 18ರ ಒಳಗಿನವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಪಕ್ಕದ ಮನೆಯವರು ಕೇಸ್ ಹಾಕಿದರೆ?

ಸ್ಕ್ರೂಡ್ರೈವರ್
ಲಾಯರ್ ಸಾಹೇಬ್ರೇ, ಅದೇ ಕಾಯ್ದೆಯ ಮೂರನೇ ಸೆಕ್ಷನ್ ಓದಿ. ಮನೆಮಟ್ಟಿಗೆ, ಸ್ವಂತಕ್ಕೆ ಇಟ್ಟುಕೊಂಡದ್ದಕ್ಕೆ ಅದು ಅನ್ವಯಿಸಲ್ಲ. ಹುಟ್ಟುಹಬ್ಬಕ್ಕೆ ಕೋರ್ಟು ಕರೆಸಬೇಡಿ.

ಸೈಟ್ ಲಾಯರ್
ಸರಿ, ಅದು ಒಪ್ಪಿದೆ. ಆದರೆ ‘ಮನೆಮಟ್ಟಿಗೆ’ ಉಳಿಯುತ್ತದಾ?

ಇಬ್ಬರ ಅಮ್ಮ
ಉಳಿಯಲ್ಲ. ಅದನ್ನೇ ಹೇಳೋಣ ಅಂತ ಬಂದೆ.

ಹೋದ ವರ್ಷ ನನ್ನ ಚಿಕ್ಕವನು ಒಂದು ಬರ್ತ್‌ಡೇ ಪಾರ್ಟಿಗೆ ಹೋಗಿದ್ದ. ಅಲ್ಲೂ ಸ್ಪಂಜಿನ ಗನ್ ಆಟ. ನಾಲ್ಕು ಜನ ಸೇರಿ ಇವನನ್ನು ಮೂಲೆಗೆ ಒತ್ತಿ ಹೊಡೆದರು. ಆಟವೇ, ತಪ್ಪಲ್ಲ. ಇವನಿಗೆ ಅಳು ಬಂತು. ಒಬ್ಬ ಹುಡುಗ ಅದನ್ನು ಅಮ್ಮನ ಮೊಬೈಲಿನಲ್ಲಿ ತೆಗೆದಿದ್ದ. ರಾತ್ರಿ ಹೊತ್ತಿಗೆ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಬಂತು, ನಗುವ ಎಮೋಜಿ ಸಮೇತ. ಹಾಕಿದ್ದು ಮಕ್ಕಳಲ್ಲ, ಒಬ್ಬರು ಅಪ್ಪ! ‘ಸೋ ಕ್ಯೂಟ್’ ಅಂತ.

ಹತ್ತು ದಿನ ಇವನು ಸ್ಕೂಲ್ ವ್ಯಾನ್ ಹತ್ತುವಾಗ ಹೊಟ್ಟೆನೋವು ಅಂದ. ಡಾರ್ಟ್ ಬಿದ್ದ ಜಾಗ ಅವತ್ತೇ ಸರಿಹೋಗಿತ್ತು.

ಸ್ಕ್ರೂಡ್ರೈವರ್ ಅವರೇ, ನೀವು ಹ್ಯಾಕರ್ ಬಗ್ಗೆ ಹೇಳಿದಿರಿ. ನಮ್ಮ ವಿಡಿಯೊ ಹೊರಗೆ ಹಾಕಿದವರು ಅವತ್ತು ನಮ್ಮ ಜೊತೆ ಕೂತು ಕೇಸರಿಬಾತ್ ತಿಂದವರು.

ಸ್ಕ್ರೂಡ್ರೈವರ್
ಅಕ್ಕ, ಕ್ಷಮಿಸಿ. ಮಾತು ಸರಿ. ಆದರೂ ನಿಮ್ಮ ಕತೆಯಲ್ಲಿ ಕೆಲಸ ಕೆಡಿಸಿದ್ದು ಮೊಬೈಲ್. ಇಲ್ಲಿ ಕಾರ್ಡ್ ತೆಗೆದು, ಲ್ಯಾಪ್‌ಟಾಪಿಗೆ ಹಾಕಿ, ಆಮೇಲೆ ಕಳಿಸಬೇಕು. ಆ ತಾಪತ್ರಯವೇ ಒಂದು ರಕ್ಷಣೆ. ಕಾರ್ಡ್ ಅಪ್ಪನ ಜೇಬಿನಲ್ಲಿದ್ದರೆ ಎಲ್ಲಿಗೂ ಹೋಗಲ್ಲ.

ಇಬ್ಬರ ಅಮ್ಮ
ಅಪ್ಪನ ಜೇಬಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ, ಹೇಳಿದೆನಲ್ಲ 🙂

ಕೊಡುವುದೇ ಆದರೆ ಹೀಗೆ ಮಾಡಿ. ಆಟ ಮುಗಿದ ಮೇಲೆ ಎಲ್ಲ ಮಕ್ಕಳನ್ನೂ ಕೂರಿಸಿ ಟಿವಿಯಲ್ಲಿ ಹಾಕಿ ನೋಡಿ. ಯಾರ ಮುಖ ಬಂದಿದೆಯೋ ಅವರು ‘ಬೇಡ’ ಅಂದರೆ ಅಲ್ಲೇ, ಎಲ್ಲರ ಎದುರಿಗೆ ಅಳಿಸಿ. ‘ಯಾಕೆ’ ಅಂತ ಕೇಳಬಾರದು. ತೆಗೆದವನಿಗಲ್ಲ, ಹೊಡೆಸಿಕೊಂಡವನಿಗೆ ಹಕ್ಕು.

ನಿವೃತ್ತ ಮೇಷ್ಟ್ರು
ಗನ್ ಬೇಡ ಅನ್ನುವುದು ಈಗಲೂ ನನ್ನ ಮಾತು. ಆದರೆ ಈ ತಾಯಿ ಹೇಳಿದ ನಿಯಮ ಚೆನ್ನಾಗಿದೆ. ಯಾರಾದರೂ ಪಾಲಿಸುತ್ತಾರಾ ನೋಡಬೇಕು.

ನ್ಯೂಜೆರ್ಸಿ ಅಪ್ಪ
ಎಲ್ಲರೂ ಕೂತು ನೋಡುವಾಗಲೇ ಆ ಮಗುವಿಗೆ ಅವಮಾನ ಆದರೆ? ಮೊದಲು ಅವನಿಗೊಬ್ಬನಿಗೇ ತೋರಿಸುವುದು ವಾಸಿ.

ಇಬ್ಬರ ಅಮ್ಮ
ಹೌದು, ಅದು ಇನ್ನೂ ಒಳ್ಳೆಯದು.

ಮೂರನೇ ಮಹಡಿ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ ಹೆಂಡತಿ, ನಾನು, ಮಗ ಮೂವರೂ ಕೂತೆವು. ಕನ್ನಡಕ ಹತ್ತು ಜೊತೆ ಎಸ್‌ಪಿ ರಸ್ತೆಯಿಂದ ತರುತ್ತೇನೆ. ಮುಖಕ್ಕೆ ಹೊಡೆದರೆ ಆಟದಿಂದ ಹೊರಗೆ. ಆಟ ಮುಗಿದ ಕೂಡಲೇ ಕಾರ್ಡ್ ಹೆಂಡತಿಯ ಹತ್ತಿರ (ನನ್ನ ಜೇಬಿಗಲ್ಲ, ಅಕ್ಕಾವ್ರೇ). ವಿಡಿಯೊದಲ್ಲಿ ಇರುವವರು ಬೇಡ ಅಂದರೆ ಅಳಿಸುವುದು. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಆಮೇಲೆ ಕೇಳಿದ: ‘ಅಪ್ಪಾ, ಸ್ಕೂಲ್ ಡೇಲಿ ನನ್ನ ಪಂಚೆ ಬಿಚ್ಚಿ ಹೋಯ್ತಲ್ಲ, ಆ ಡ್ಯಾನ್ಸ್ ವಿಡಿಯೊ ನೀನು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ಅದನ್ನೂ ಅಳಿಸ್ತೀಯಾ?’

ಗುಂಪಿನಲ್ಲಿ 43 ಜನ ಇದ್ದಾರೆ. ಹಾಕಿ ಏಳು ತಿಂಗಳಾಗಿದೆ. ಈಗ ಎಲ್ಲರ ಫೋನಿನಿಂದಲೂ ಅಳಿಸುವುದಕ್ಕೆ ಏನಾದರೂ ದಾರಿ ಇದೆಯಾ?

ಸ್ಕ್ರೂಡ್ರೈವರ್
ಇಲ್ಲ ಸರ್. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಬೇಕು.

ಮೂರನೇ ಮಹಡಿ
ಭಾವನಿಂದಲೇ ಶುರು ಮಾಡುತ್ತೇನೆ. ಸ್ಟೇಟಸ್‌ಗೆ ಹಾಕಿದ್ದು ಅವರೇ.