ಲಿಬ್‌ಮಾಡ್‌ಬಸ್ ಒಳಗ ಕ್ರ್ಯಾಶ್, ಡೀಬಗ್ ಸಿಂಬಲ್ ಇಲ್ಲ. ಕೋರ್ ಫೈಲ್ ಓದೋದು ಹ್ಯಾಂಗ?

ಪ್ರಶ್ನೆ (ಕಲಬುರಗಿ)

ತೊಗರಿ ಬ್ಯಾಳಿ ಮಿಲ್‌ನ ತೂಕದ ಮೀಟರ್ ಓದೋ ಸಿ ಪ್ರೋಗ್ರಾಂ ಅದ. ಉಬುಂಟು 22.04, ಮಾಡ್‌ಬಸ್ ಅನ್ನೋ ಪದ್ಧತಿಯಿಂದ ಮೀಟರ್ ಜೊತೆ ಮಾತಾಡೋ ಲೈಬ್ರರಿ ಲಿಬ್‌ಮಾಡ್‌ಬಸ್, ಆಪ್ಟ್‌ನಿಂದ (ಉಬುಂಟುದ ಪ್ಯಾಕೇಜ್ ಹಾಕೋ ಸಾಧನ) ಹಾಕಿದ್ದು. ಒಂದು ಸಲಕ್ಕ 10 ರೀಡಿಂಗ್, ಎಲ್ಲಾ 32 ಬಿಟ್ ಫ್ಲೋಟ್. 16 ಬಿಟ್‌ನ 10 ಖಾನೆ ಬಫರ್, ಮ್ಯಾಲೋಕ್‌ದು. ಆಗಾಗ ಸೆಗ್‌ಫಾಲ್ಟ್ (ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ಬೀಳೋದು) ಬರ್ತದ, ಬಿದ್ದಾಗಿನ ಮೆಮೊರಿ ನಕಲು ಕೋರ್ ಫೈಲ್‌ದಾಗ ಉಳೀತದ. ಜಿಡಿಬಿ ಡೀಬಗರ್‌ನೊಳಗ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನ ಕರೆದಿತ್ತು ಅನ್ನೋ ಪಟ್ಟಿ) ತೆಗೆದ್ರ ಲೈಬ್ರರಿ ಫ್ರೇಮ್‌ದಾಗ ಬರೀ "??". ಸೋರ್ಸ್ ತಂದು -ಜಿ (ಡೀಬಗ್ ಮಾಹಿತಿ ಸೇರಿಸೋ ಫ್ಲ್ಯಾಗ್) ಹಾಕಿ ಬಿಲ್ಡ್ ಮಾಡಿದ ಫೈಲ್ ಕೊಟ್ರ ಹಳೇ ಕೋರ್‌ಗೆ ತಾಳೆ ಆಗವಲ್ಲದು. ಮಿಲ್ ಪಿಸಿಗೆ ಇಂಟರ್ನೆಟ್ ಇಲ್ಲ.

ಉತ್ತರ 1 (ಬೀದರ)

ಹೊಸ ಬಿಲ್ಡ್ ಹಳೇ ಕೋರ್‌ಗೆ ಹೊಂದೋದೇ ಇಲ್ರಿ. ಕಂಪೈಲರ್ ಫ್ಲ್ಯಾಗ್ ಒಂದು ಬದಲಾದ್ರೂ ವಿಳಾಸಗಳು ಸರಿಯಬಹುದು. ಕ್ರ್ಯಾಶ್ ಆದ ಅದೇ ಫೈಲ್‌ನ ಸಿಂಬಲ್ (ವಿಳಾಸಕ್ಕ ಫಂಕ್ಷನ್ ಹೆಸರು, ಸಾಲು ಜೋಡಿಸೋ ಮಾಹಿತಿ) ಬೇಕು. ಅವು ಕಳೆದಿಲ್ಲ, ಪ್ಯಾಕೇಜ್ ಮಾಡೋವಾಗ ಬೇರೆ ಮಾಡಿ ಇಟ್ಟಿರ್ತಾರ.

ಮಿಲ್ ಪಿಸಿಯಿಂದ ಕೋರ್, ನಿಮ್ಮ ಪ್ರೋಗ್ರಾಂ, ಅದು ಲೋಡ್ ಮಾಡಿದ ಎಲ್ಲಾ ಲೈಬ್ರರಿ ಫೈಲ್ ಪೆನ್‌ಡ್ರೈವ್‌ಗೆ ಹಾಕ್ಕೊಳ್ರಿ. ಲೈಬ್ರರಿಗಳು ಮೊದಲಿನ ಫೋಲ್ಡರ್ ದಾರಿಯೊಳಗೇ ಇರಲಿ. ಆಪ್ಟ್ ಅಪ್‌ಗ್ರೇಡ್ ಆಗೋಕಿಂತ ಮೊದಲು ಮಾಡ್ರಿ, ಆಮೇಲೆ ಹಳೇ ಫೈಲ್ ಸಿಗೋದು ಕಷ್ಟ. ಇಂಟರ್ನೆಟ್ ಇರೋ ಪಿಸಿಯೊಳಗ ರೀಡ್‌ಎಲ್ಫ್ -ಎನ್ ಕೊಟ್ಟು ಲೈಬ್ರರಿಯ ಬಿಲ್ಡ್ ಐಡಿ (ಆ ಬಿಲ್ಡ್‌ನ ಗುರುತಿನ ಸಂಖ್ಯೆ) ನೋಡ್ರಿ. ಉಬುಂಟುದ ಡೀಬಗ್‌ಇನ್ಫೋಡಿ (ಸಿಂಬಲ್ ಹಂಚೋ) ಸರ್ವರ್ ವಿಳಾಸವನ್ನ ಡೀಬಗ್‌ಇನ್ಫೋಡಿ_ಯುಆರ್‌ಎಲ್ಸ್ ವೇರಿಯಬಲ್‌ಗೆ ಕೊಟ್ರ ಜಿಡಿಬಿ ಆ ಐಡಿ ಹಿಡ್ಕೊಂಡು ಸಿಂಬಲ್ ತಾನೇ ಇಳಿಸ್ಕೋತದ. ಇದಕ್ಕ ಜಿಡಿಬಿ 10 ಅಥವಾ ಮುಂದಿನದು ಬೇಕು, 22.04ರಾಗ ಇರೋದು 12. ಕೋರ್ ತೆಗೆಯೋಕಿಂತ ಮೊದಲು ಸೆಟ್ ಸಿಸ್‌ರೂಟ್ ಕೊಟ್ಟು ತಂದ ಫೋಲ್ಡರ್ ತೋರಿಸ್ರಿ. ಇಲ್ಲಾಂದ್ರ ಆ ಪಿಸಿಯ ಸಿ ಲೈಬ್ರರಿ ಹಿಡ್ಕೊಂಡು ಸುಳ್ಳು ಬ್ಯಾಕ್‌ಟ್ರೇಸ್ ಕೊಡ್ತದ.

ಉತ್ತರ 2 (ಯಾದಗಿರಿ)

ಸಿಂಬಲ್ ಸಿಗದಿದ್ರೂ ಕೆಲಸ ನಿಲ್ಲಲ್ಲ. ಸ್ಟ್ರಿಪ್ ಮಾಡಿದ (ಸಿಂಬಲ್ ತೆಗೆದುಹಾಕಿದ) ಮ್ಯಾಲೂ ಹೊರಗಿನವರು ಕರೆಯೋ ಫಂಕ್ಷನ್‌ಗಳ ಹೆಸರು ಉಳೀತಾವ. ಎನ್‌ಎಂ -ಡಿ ಕೊಟ್ರ ಕಾಣ್ತಾವ. ಒಂದು ಎಚ್ಚರ: ಸ್ಟ್ಯಾಟಿಕ್ ಫಂಕ್ಷನ್‌ಗಳ (ತಮ್ಮ ಫೈಲ್ ಒಳಗಷ್ಟೇ ಬಳಸೋವು) ಹೆಸರು ಇರಲ್ಲ, ಅದಕ್ಕ ಜಿಡಿಬಿ ಹಿಂದಿನ ಯಾವುದೋ ಹೆಸರಿಗೆ "+1800" ಅಂತ ಜೋಡಿಸಿ ತೋರಿಸಬಹುದು. ಅಷ್ಟು ದೊಡ್ಡ ಆಫ್‌ಸೆಟ್ ಕಂಡ್ರ ಆ ಹೆಸರು ನಂಬಬ್ಯಾಡ್ರಿ.

ಎಕ್ಸ್/ಐ $ಪಿಸಿ ಕೊಟ್ಟು ಬಿದ್ದ ಇನ್‌ಸ್ಟ್ರಕ್ಷನ್ ನೋಡ್ರಿ, ಅದು ಬಳಸಿದ ಸಿಪಿಯು ರಿಜಿಸ್ಟರ್ ಯಾವುದು ಅಂತ ಗುರುತಿಸ್ರಿ. ಬೆಲೆ ಸೊನ್ನೆ ಇದ್ರ ನಲ್ ಪಾಯಿಂಟರ್. ಅಡ್ಡಾದಿಡ್ಡಿ ಬೆಲೆ ಇದ್ರ ಮೆಮೊರಿ ಕೆಟ್ಟಿರೋ ಅನುಮಾನ ಜಾಸ್ತಿ. ಎಕ್ಸ್86-64ರಾಗ ಮೊದಲ ಆರು ಪೂರ್ಣಾಂಕ ಆರ್ಗ್ಯುಮೆಂಟ್ ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್‌ಸಿಎಕ್ಸ್, ಆರ್8, ಆರ್9ರಾಗ ಬರ್ತಾವ, ಆದ್ರ ಫಂಕ್ಷನ್ ಬಾಗಿಲಿಗೆ ಮಾತ್ರ. ಒಳಗ ಹೋದಮ್ಯಾಲೆ ಅಳಿಸಿ ಹೋಗಬಹುದು. ಅದಕ್ಕ ಮಾಡ್‌ಬಸ್_ರೀಡ್_ರಿಜಿಸ್ಟರ್ಸ್ ಮ್ಯಾಲೆ ಬ್ರೇಕ್‌ಪಾಯಿಂಟ್ ಇಟ್ಟು ಅಲ್ಲೇ ನೋಡ್ರಿ: ಆರ್‌ಡಿಎಕ್ಸ್‌ದಾಗ ಮಾಡ್‌ಬಸ್ ರಿಜಿಸ್ಟರ್ ಎಣಿಕೆ (ಮೀಟರ್‌ದ ಎಷ್ಟು ಖಾನೆ ಓದಬೇಕು ಅನ್ನೋದು), ಆರ್‌ಸಿಎಕ್ಸ್‌ದಾಗ ನಿಮ್ಮ ಬಫರ್.

ಉತ್ತರ 3 (ಕಲಬುರಗಿ)

ಆ ಎಣಿಕೇನೇ ಇಲ್ಲಿ ಮುಖ್ಯ. ಮಾಡ್‌ಬಸ್ ರಿಜಿಸ್ಟರ್ ಅಂದ್ರ 16 ಬಿಟ್. 10 ಫ್ಲೋಟ್‌ಗೆ 20 ರಿಜಿಸ್ಟರ್, 40 ಬೈಟ್. ಬಫರ್ ಇರೋದು 20 ಬೈಟ್. ಎಣಿಕೆ 20 ಕೊಟ್ಟಿದ್ರ ಲೈಬ್ರರಿ ಅಷ್ಟೂ ಬರೀತದ, ಬಫರ್ ಅಳತೆ ಅದಕ್ಕ ಗೊತ್ತಾಗೋ ದಾರಿನೇ ಇಲ್ಲ. ಪಕ್ಕದ ಹೀಪ್ (ಮ್ಯಾಲೋಕ್ ಜಾಗ ಕೊಡೋ ಮೆಮೊರಿ) ತುಂಡಿನ ಲೆಕ್ಕ ಕೆಡ್ತದ, ಮುಂದ ಎಲ್ಲೋ ಬೀಳ್ತದ. ಬಿದ್ದ ಜಾಗ ಲೈಬ್ರರಿ ಆಗಿದ್ರೂ ತಪ್ಪು ಕರೆದ ಕಡೆ ಇರ್ತದ.

ಖಾತ್ರಿಗೆ ವ್ಯಾಲ್‌ಗ್ರೈಂಡ್ (ಮೆಮೊರಿ ತಪ್ಪು ಹಿಡಿಯೋ ಸಾಧನ) ಹಚ್ಚಿ ನೋಡ್ರಿ, ಲೈಬ್ರರಿ ಸಿಂಬಲ್ ಬೇಕಾಗಲ್ಲ. ನಿಮ್ಮ ಪ್ರೋಗ್ರಾಂ ಮಾತ್ರ -ಜಿ ಇರಲಿ. 2 ಬೈಟ್‌ನ ತಪ್ಪು ಬರಹ, 20 ಬೈಟ್ ಬ್ಲಾಕ್ ಮುಗಿದ ಕೂಡಲೇ ಅಂತ ತೋರಿಸಿದ್ರ ಇದೇ. ಅಡ್ರೆಸ್ ಸ್ಯಾನಿಟೈಜರ್ (ಕಂಪೈಲ್ ಮಾಡೋವಾಗ ಹಾಕೋ ಇಂಥದ್ದೇ ತಪಾಸಣೆ) ಅನ್ನ ನಿಮ್ಮ ಕೋಡ್‌ಗೆ ಮಾತ್ರ ಹಾಕಿದ್ರ ಇದು ಸಿಗಲ್ಲ, ಯಾಕಂದ್ರ ಬರೆಯೋ ಕೋಡ್ ಲೈಬ್ರರಿಯೊಳಗದ. ಲೈಬ್ರರಿನೂ ಅದೇ ಫ್ಲ್ಯಾಗ್‌ನಿಂದ ಬಿಲ್ಡ್ ಮಾಡಬೇಕಾಗ್ತದ.