ಉತ್ತರ ಪತ್ರಿಕೆಯ ಕಟ್ಟು ಬಿಚ್ಚಲು ಮನಸ್ಸೇ ಬರುತ್ತಿಲ್ಲ: ಆಪ್ತ ಸಮಾಲೋಚಕಿಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹಾಸನ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕಿ): ನಮಸ್ಕಾರ ಮೇಡಂ. ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಎಸ್‌ಎ-1, ಅಂದರೆ ಅರ್ಧವಾರ್ಷಿಕ ಪರೀಕ್ಷೆಯ ಪತ್ರಿಕೆಗಳನ್ನು ದಸರಾ ರಜೆಯಲ್ಲಿ ನೋಡಿ ಮುಗಿಸೋಣ ಅಂತ ಮನೆಗೆ ತಂದೆ. ರಜೆ ಮುಗಿಯಿತು, ಕಟ್ಟು ಹಾಗೇ ಇದೆ. ಇಲಾಖೆಯ ಆನ್‌ಲೈನ್ ದಾಖಲೆ ವ್ಯವಸ್ಥೆ ಸ್ಯಾಟ್ಸ್‌ಗೆ ಅಂಕ ಏರಿಸಬೇಕು, ಎಚ್‌ಎಂ (ಮುಖ್ಯ ಶಿಕ್ಷಕರು) ಕೇಳುತ್ತಿದ್ದಾರೆ, ಮಕ್ಕಳಂತೂ ದಿನಾ ಕೇಳುತ್ತಾರೆ. ನಾನು ಸೋಮಾರಿಯಲ್ಲ. ಪಾಠ ಯಾವತ್ತೂ ಬಾಕಿ ಉಳಿಸಿದವಳಲ್ಲ. ಈ ಕಟ್ಟಿನ ಮುಂದೆ ಕೂತರೆ ಮಾತ್ರ ಎದ್ದುಹೋಗಿ ಅಡುಗೆಮನೆ ಡಬ್ಬಿ ಒರೆಸುತ್ತೇನೆ. ರಾತ್ರಿ ನಿದ್ದೆ ಬರುವುದಿಲ್ಲ. ಟೈಮ್‌ಟೇಬಲ್ ಹಾಕಿದೆ, ಎರಡೇ ದಿನಕ್ಕೆ ನಿಂತುಹೋಯಿತು. ಏನು ಮಾಡಲಿ?

ಉತ್ತರ: ಟೀಚರ್, ಡಬ್ಬಿ ಒರೆಸಲು ಏಳುವವರನ್ನು ಸೋಮಾರಿ ಅನ್ನಲಾಗದು. ನೀವು ಒಂದು ಕೆಲಸ ಬಿಟ್ಟು ಇನ್ನೊಂದು ಕೆಲಸಕ್ಕೆ ಹೋಗುತ್ತಿದ್ದೀರಿ. ಅಂದರೆ ಮೊದಲನೆಯದರಲ್ಲಿ ಮನಸ್ಸಿಗೆ ಹಿಂಸೆಯಾಗುವ ಏನೋ ಇದೆ. ಎದ್ದ ತಕ್ಷಣ ಹಗುರ ಅನಿಸುತ್ತದೆ ಅಲ್ವಾ? ಆ ಹಗುರವೇ ಮರುದಿನವೂ ನಿಮ್ಮನ್ನು ಎಬ್ಬಿಸುತ್ತದೆ. ಫುಶಿಯಾ ಸಿರೊಯ್ ಮತ್ತು ತಿಮೊಥಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದದ್ದೂ ಇದನ್ನೇ: ಕೆಲಸ ಮುಂದೂಡುವುದರ ಬೇರು ಈ ಕ್ಷಣದ ಬೇಸರ ತಪ್ಪಿಸಿಕೊಳ್ಳುವ ಆಸೆಯಲ್ಲಿದೆ. ಟೈಮ್‌ಟೇಬಲ್ ಹೊತ್ತು ಹಂಚಿಕೊಡುತ್ತದೆ ಅಷ್ಟೇ, ಅಳುಕು ಇದ್ದಲ್ಲೇ ಇರುತ್ತದೆ.

ಒಂದು ಹೇಳಿ. ಆ ಕಟ್ಟಿನಲ್ಲಿ ನಿಮಗೆ ಕಷ್ಟವಾಗುವುದು ಎಲ್ಲಿ? ಒಂದು ಅಂಕದ ಪ್ರಶ್ನೆಗಳಾ, ದೊಡ್ಡ ಉತ್ತರಗಳಾ, ಇಲ್ಲ ಯಾವುದೋ ಒಂದು ಮಗುವಿನ ಪತ್ರಿಕೆಯಾ?

ಶಿಕ್ಷಕಿ: ದೊಡ್ಡ ಉತ್ತರಗಳು ಮೇಡಂ. ಒಬ್ಬನಿಗೆ ಎರಡೂವರೆ ಕೊಟ್ಟು ಇನ್ನೊಬ್ಬಳಿಗೆ ಮೂರು ಕೊಟ್ಟೆನಾ ಅಂತ ಮತ್ತೆ ಹಿಂದಕ್ಕೆ ತಿರುಗಿಸಿ ನೋಡುತ್ತೇನೆ. ಜೊತೆಗೆ 1857ರ ದಂಗೆಯ ಕಾರಣಗಳನ್ನು ಅಷ್ಟು ಸಲ ಹೇಳಿದ್ದೆ. ಅದನ್ನೇ ತಪ್ಪು ಬರೆದಿದ್ದಾರೆ. ನೋಡಿದರೆ ಕೈ ಬಿದ್ದುಹೋಗುತ್ತದೆ.

ಉತ್ತರ: ಹಾಗಾದರೆ ಇಲ್ಲಿ ಎರಡು ಸಂಕಟ ಇವೆ. ಅಂಕ ಕೊಡುವಾಗ ಅನ್ಯಾಯ ಆಗಬಾರದು ಎಂಬುದು ಒಂದು. ಮಕ್ಕಳ ತಪ್ಪು ನಿಮ್ಮ ಪಾಠಕ್ಕೇ ಬಿದ್ದ ಅಂಕ ಅನ್ನಿಸುವುದು ಇನ್ನೊಂದು. ಎರಡೂ ನಿಮ್ಮ ಕಾಳಜಿಯಿಂದ ಬಂದವು.

ಮೊದಲನೆಯದಕ್ಕೆ ದಾರಿ ಸುಲಭ. ಒಂದೊಂದು ಪತ್ರಿಕೆಯನ್ನು ಮೊದಲಿಂದ ಕೊನೆವರೆಗೆ ನೋಡಬೇಡಿ. 1857ರ ಪ್ರಶ್ನೆಯೊಂದನ್ನೇ ಎಲ್ಲ ಪತ್ರಿಕೆಗಳಲ್ಲೂ ನೋಡಿ ಮುಗಿಸಿ. ಅದಕ್ಕೂ ಮುಂಚೆ ಚೀಟಿಯಲ್ಲಿ ಬರೆದುಕೊಳ್ಳಿ: ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ ಬರೆದಿದ್ದರೆ ಒಂದು ಅಂಕ, ಆರ್ಥಿಕ ಕಾರಣಕ್ಕೆ ಒಂದು, ಸೈನಿಕರ ಅಸಮಾಧಾನಕ್ಕೆ ಒಂದು, ಕೊಬ್ಬು ಸವರಿದ ತೋಟಾಗಳ ಸುದ್ದಿಗೆ ಒಂದು. ಚೀಟಿ ಪಕ್ಕದಲ್ಲಿದ್ದರೆ ಹಿಂದಕ್ಕೆ ತಿರುಗಿಸುವ ಅಗತ್ಯವೇ ಬೀಳುವುದಿಲ್ಲ. ಹತ್ತು ಪತ್ರಿಕೆ ದಾಟುವಷ್ಟರಲ್ಲಿ ಕೈ ತಾನೇ ಓಡುತ್ತದೆ. ನ್ಯಾಯವೂ ಜಾಸ್ತಿ ಸಿಗುತ್ತದೆ.

ಎರಡನೆಯದಕ್ಕೆ ಇನ್ನೊಂದು ಹಾಳೆ ಇಟ್ಟುಕೊಳ್ಳಿ. ಪದೇಪದೇ ಬರುವ ತಪ್ಪನ್ನು ಅಲ್ಲಿ ಗೀಚಿ. ಪತ್ರಿಕೆ ಹಂಚುವ ದಿನ ತರಗತಿಯಲ್ಲಿ ಮೊದಲು ತೆಗೆದುಕೊಳ್ಳುವುದು ಅದನ್ನೇ. ಮುಂದಿನ ಪಾಠಕ್ಕೆ ಬೇಕಾದ ಸಾಮಾನು ಸಿಗುತ್ತಿದೆ ಅಂದಾಗ ತಪ್ಪು ಉತ್ತರ ಅಷ್ಟು ಚುಚ್ಚುವುದಿಲ್ಲ.

ಇನ್ನು ಹೊತ್ತು. "ಇವತ್ತು ಮಾಡ್ತೀನಿ" ಅಂದರೆ ಸಾಲದು. "ಸಂಜೆ ಕಾಫಿ ಲೋಟ ತೊಳೆದಿಟ್ಟ ಮೇಲೆ, ಊಟದ ಮೇಜಿನಲ್ಲಿ, ಹತ್ತು ಪತ್ರಿಕೆ, ಆ ಒಂದೇ ಪ್ರಶ್ನೆ" ಅಂತ ಬರೆದಿಡಿ. ಪೀಟರ್ ಗೋಲ್‌ವಿಟ್ಜರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಆಧಾರ. ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದೆವು ಅಂತ ಎರಡು ದಿನದೊಳಗೆ ವಿದ್ಯಾರ್ಥಿಗಳು ಬರೆದು ಕಳಿಸಬೇಕಿತ್ತು. ಎಲ್ಲಿ, ಯಾವಾಗ ಕೂತು ಬರೆಯುತ್ತೇವೆ ಎಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಹೊತ್ತಿಗೆ ಸರಿಯಾಗಿ ಬರೆದವರು ಉಳಿದವರಿಗಿಂತ ಸುಮಾರು ಎರಡು ಪಟ್ಟು. ಹಬ್ಬದ ಮನೆಯಲ್ಲಿ, ನೆಂಟರ ಮಧ್ಯೆ!

ರಜೆ ಹಾಳಾಯಿತು ಅಂತ ನಿಮ್ಮನ್ನು ನೀವೇ ಬೈದುಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ಇದು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದುಕೊಂಡಷ್ಟೂ ಆ ಕಟ್ಟು ನೋಡಿದರೇ ಹಿಂಸೆಯಾಗುತ್ತದೆ.

ಶಿಕ್ಷಕಿ: ಎಚ್‌ಎಂಗೆ ಏನು ಹೇಳಲಿ?

ಉತ್ತರ: ನಾಳೆ ಬೆಳಿಗ್ಗೆ ನೀವೇ ಹೋಗಿ, ಅವರು ಕೇಳುವವರೆಗೆ ಕಾಯಬೇಡಿ. "ಒಂದು ವಿಭಾಗದ ಅಂಕ ಈ ತಾರೀಖಿಗೆ ಕೊಡುತ್ತೇನೆ" ಅನ್ನಿ. ಎಲ್ಲಕ್ಕೂ ಒಟ್ಟಿಗೆ ಮಾತು ಕೊಡಬೇಡಿ.

ಪ್ರಶ್ನೆ (ಮಂಡ್ಯ ಕಡೆಯವರು, ಬೆಂಗಳೂರಲ್ಲಿ ಕೆಲಸ): ಮೇಡಂ, ಅಪ್ಪ ತೀರಿಕೊಂಡು ವರ್ಷದ ಮೇಲಾಯಿತು. ಪೌತಿ ಖಾತೆ, ಅಂದರೆ ಅವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಕೆಲಸ, ಇನ್ನೂ ಮಾಡಿಸಿಲ್ಲ. ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ಊರಿಗೆ ಹೋದಾಗಲೆಲ್ಲ ಕಾಗದದ ಫೈಲು ತೆಗೆಯುತ್ತೇನೆ, ಹಾಗೇ ಒಳಗಿಡುತ್ತೇನೆ. ಅಮ್ಮನಿಗೆ ಬೇಜಾರು, ಚಿಕ್ಕಪ್ಪ ಬೈಯುತ್ತಾರೆ.

ಉತ್ತರ: ಸರ್, ಅಪ್ಪನ ವಿಷಯ ಕೇಳಿ ಮನಸ್ಸಿಗೆ ಬೇಸರವಾಯಿತು. ಹೊರಗಿನವರಿಗೆ ಇದು ನಾಡಕಚೇರಿಯ ಒಂದು ಅರ್ಜಿ. ನಿಮಗೆ ಪಹಣಿಯಿಂದ ಅಪ್ಪನ ಹೆಸರು ತೆಗೆಸುವ ಕೆಲಸ. ಕೈ ತಡೆಯುವುದು ಸಹಜ. ಚಿಕ್ಕಪ್ಪನವರಿಗೂ ಇದನ್ನೇ ಹೇಳಿ, ಬಹುಶಃ ಅವರಿಗೂ ಒಳಗೆ ಇದೇ ಇದ್ದೀತು.

ಆದರೂ ಜಾಸ್ತಿ ದಿನ ಬಿಡಬೇಡಿ. ಬೆಳೆ ಸಾಲ, ಬೆಳೆ ಪರಿಹಾರ ಎಲ್ಲದಕ್ಕೂ ಪಹಣಿಯಲ್ಲಿರುವ ಹೆಸರನ್ನೇ ನೋಡುತ್ತಾರೆ. ವಾರಸುದಾರರು ಹೆಚ್ಚಾದಷ್ಟೂ ಸಹಿ ಹಾಕಿಸುವುದು ಕಷ್ಟವಾಗುತ್ತದೆ. ಫೈಲನ್ನು ಒಬ್ಬರೇ ತೆಗೆಯಬೇಡಿ. ಅಕ್ಕನೋ ತಮ್ಮನೋ ಇದ್ದರೆ ಜೊತೆಗೆ ಕೂರಿಸಿಕೊಳ್ಳಿ. ಮೊದಲ ಸಲ ಊರಿಗೆ ಹೋದಾಗ ಮರಣ ಪ್ರಮಾಣಪತ್ರದ ನಕಲುಗಳು ಮತ್ತು ವಂಶವೃಕ್ಷದ ಅರ್ಜಿ, ಇಷ್ಟೇ. ಖಾತೆಯ ಅರ್ಜಿ ಮುಂದಿನ ಸಲಕ್ಕೆ. ಫೈಲು ತೆಗೆದಾಗ ಅಳು ಬಂದರೆ ಅತ್ತುಬಿಡಿ, ಆಮೇಲೆ ಮತ್ತೆ ತೆಗೆಯಿರಿ.

ಪ್ರಶ್ನೆ (ಹೆಸರು ಬೇಡ ಎಂದವರು): ನನಗೆ ಒಂದು ಕೆಲಸ ಅಂತಲ್ಲ ಮೇಡಂ. ಸ್ನಾನ, ಊಟ, ಫೋನ್ ಎತ್ತುವುದು ಎಲ್ಲವೂ ಮುಂದಕ್ಕೆ ಹೋಗುತ್ತಿದೆ. ಮೊದಲು ಹೀಗಿರಲಿಲ್ಲ.

ಉತ್ತರ: ನಿಮಗೆ ಮೇಲಿನ ಉಪಾಯಗಳನ್ನು ಹೇಳುವುದಿಲ್ಲ. ಇಷ್ಟಪಟ್ಟು ಮಾಡುತ್ತಿದ್ದದ್ದೂ ಬೇಡವಾಗಿ, ಎರಡು ವಾರ ದಾಟಿದ್ದರೆ ಅದು ಖಿನ್ನತೆ ಇರಬಹುದು. ಥೈರಾಯ್ಡ್ ತೊಂದರೆ, ರಕ್ತಹೀನತೆಯಲ್ಲೂ ಹೀಗೆ ಸುಸ್ತಾಗುತ್ತದೆ. ಅದಕ್ಕೇ ವೈದ್ಯರನ್ನು ನೋಡಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಫೋನ್ ಮಾಡುವುದೇ ಕಷ್ಟ ಅನಿಸಿದರೆ ಮನೆಯವರ ಕೈಗೆ ಈ ಉತ್ತರ ಕೊಟ್ಟು, ನಂಬರ್ ಒತ್ತಿಕೊಡಲು ಹೇಳಿ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಇವತ್ತೇ, ಈಗಲೇ ಮಾಡಿ.